ಇಳಿವಯಸ್ಸಿನ ಕ್ಷಯ

1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಪ್ರಕಟಿಸಿದಂದಿನಿಂದ ರೋಗದ ಕಾರಣ ಒಂದೇ ಎಂಬುದು ನಿಶ್ಚಿತವಾಗಿದೆ. ಆದರೆ ಅದರ ರೂಪ ಒಂದೇ ಅಲ್ಲ. ಜನಮನದಲ್ಲಿ ನೆಲೆನಿಂತಿರುವ ಕ್ಷಯರೋಗಿಯ ಚಿತ್ರ ತರುಣನದು: ಬಿಡದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಕಫದಲ್ಲಿ ರಕ್ತ. ವೃದ್ಧರ ಕ್ಷಯ ಅನೇಕ ವೇಳೆ ಈ ಚಿತ್ರಕ್ಕೆ ಹೊಂದುವುದಿಲ್ಲ.

ತರುಣನ ದೇಹ ರೋಗಾಣುವನ್ನು ಬಲವಾಗಿ ಪ್ರತಿಭಟಿಸುತ್ತದೆ. ಜ್ವರ, ಬೆವರುಗಳು ಆ ಹೋರಾಟದ ಚಿಹ್ನೆಗಳು. ಶ್ವಾಸಕೋಶದ ಮೇಲ್ಭಾಗ ಕರಗಿ ಕುಹರಗಳಾಗುವುದೂ ಬಹುಮಟ್ಟಿಗೆ ಅದರ ಫಲವೇ. ಮುಪ್ಪಿನಲ್ಲಿ ಈ ಶಕ್ತಿ ಕುಗ್ಗಿದಾಗ, ಹಿಂದೆಂದೋ ದೇಹವನ್ನು ಹೊಕ್ಕು ದಶಕಗಳ ಕಾಲ ಸುಪ್ತವಾಗಿದ್ದ ರೋಗಾಣು ಎಚ್ಚರಗೊಳ್ಳುವುದುಂಟು. ಪ್ರತಿಭಟನೆ ಮಂದವಾದುದರಿಂದ ಜ್ವರವೂ ರಕ್ತವೂ ಕಡಮೆ; ಹಸಿವಿಲ್ಲದಿರುವುದು, ಮೈ ಇಳಿಯುವುದು, ನಿಶ್ಶಕ್ತಿ, ಉಬ್ಬಸ, ಕೆಲವೊಮ್ಮೆ ಬುದ್ಧಿಯ ಗೊಂದಲ, ಇವು ಮುಂದಾಗುತ್ತವೆ. ಕ್ಷ-ಕಿರಣ ಚಿತ್ರದಲ್ಲಿ ಶ್ವಾಸಕೋಶದ ಕೆಳಭಾಗದಲ್ಲಿ ಕಾಣುವ ಕಲೆಗಳು ನ್ಯುಮೋನಿಯದ ಭ್ರಮೆ ಹುಟ್ಟಿಸಬಹುದು. ಟ್ಯುಬರ್ಕ್ಯುಲಿನ್ ಚರ್ಮಪರೀಕ್ಷೆ ರೋಗವಿದ್ದರೂ ಇಲ್ಲವೆನ್ನಬಹುದು.

ಗುಜರಾತಿನಲ್ಲಿ ಈ ಮರೆಗೆ ಬೇರೆ ಮರೆಗಳೂ ಕೂಡುತ್ತವೆ. ಅಹಮದಾಬಾದಿನ ಬಟ್ಟೆಗಿರಣಿಗಳಲ್ಲಿ ಬಾಳು ಸವೆಸಿದ ಮುದುಕನ ಕೆಮ್ಮನ್ನು ಹತ್ತಿಧೂಳಿನ ಹಳೆಯ ಬೇನೆಯೆಂದು ತಳ್ಳಿಹಾಕುವುದು ಸುಲಭ. ಖಂಭಾತದ ಅಕೀಕು ಕಲ್ಲಿನ ಧೂಳಾದರೋ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ತಂದು ಕ್ಷಯಕ್ಕೆ ಬಾಗಿಲನ್ನೇ ತೆರೆಯುತ್ತದೆ. ವಡೋದರೆ, ಸೂರತ್ತುಗಳಲ್ಲಿ ಮಕ್ಕಳೊಡನಿರಲು ತಾಯ್ನಾಡಿನಿಂದ ಬಂದ ಹಿರಿಯರಿಗೆ ಭಾಷೆಯೇ ಇನ್ನೊಂದು ಮರೆ. ‘ಬಾಯಿಗೆ ರುಚಿಯಿಲ್ಲ, ಕೈಕಾಲು ಸೋತಿವೆ’ ಎಂಬ ತಾಯಿಯ ಮಾತನ್ನು ಮಗನು ವೈದ್ಯರಿಗೆ ‘ಕೆಮ್ಮೇನೂ ಇಲ್ಲ, ವಯಸ್ಸಾಯಿತು’ ಎಂದು ಅನುವಾದಿಸಿದರೆ, ರೋಗದ ಮುಖ್ಯ ಸಾಕ್ಷ್ಯವೇ ಅಲ್ಲಿಗೆ ಕಳೆದುಹೋಯಿತು.

ಲಕ್ಷಣಗಳನ್ನಷ್ಟೇ ನಂಬಿದರೆ ಆಗುವ ನಷ್ಟವನ್ನು 2019-21ರ ರಾಷ್ಟ್ರೀಯ ಕ್ಷಯ ಸಮೀಕ್ಷೆ ತೋರಿಸಿಕೊಟ್ಟಿದೆ: ಎದೆಯ ಚಿತ್ರವನ್ನು ತೆಗೆಯದೆ ಹೋಗಿದ್ದರೆ, ಪತ್ತೆಯಾದ ರೋಗಿಗಳಲ್ಲಿ ಶೇಕಡ 42.6 ಮಂದಿ ತಪ್ಪಿಹೋಗುತ್ತಿದ್ದರು. ಆದುದರಿಂದ ಕಾರಣ ತಿಳಿಯದೆ ವೃದ್ಧರ ತೂಕ ಇಳಿದಾಗ ಎದೆಯ ಚಿತ್ರವೂ ಕಫಪರೀಕ್ಷೆಯೂ ಅಗತ್ಯ. ಕಫವನ್ನು ಹೊರತೆಗೆಯುವ ತ್ರಾಣವಿಲ್ಲದವರಿಗೆ ಉಪ್ಪುನೀರಿನ ಆವಿಯ ನೆರವು ಉಂಟು.

ರೋಗ ನಿಶ್ಚಯವಾದರೆ, ಔಷಧಗಳಿಗೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ವೃದ್ಧರಿಗೂ ಸಲ್ಲುತ್ತದೆ. ಆದರೆ ಐಸೋನಿಯಜಿಡ್, ಪೈರಜಿನಮೈಡ್‌ಗಳಿಂದ ಯಕೃತ್ತಿಗೆ ಅಪಾಯ ಅವರಲ್ಲಿ ಹೆಚ್ಚು. ಎಥಾಂಬುಟಾಲ್ ದೃಷ್ಟಿಯನ್ನು ಕುಂದಿಸಬಲ್ಲದು. ಕಣ್ಣಿನ ಪೊರೆಯಿದ್ದಲ್ಲಿ ಆ ಕುಂದು ತಡವಾಗಿ ತಿಳಿದೀತು. ರಿಫಾಂಪಿಸಿನ್ ಮಧುಮೇಹದ ಹಲವು ಮಾತ್ರೆಗಳ ಬಲವನ್ನು ತಗ್ಗಿಸುತ್ತದೆ. ಬೇರೆ ಯಾವ ಔಷಧ ನಡೆಯುತ್ತಿದೆಯೆಂದು ವೈದ್ಯರಿಗೆ ಮೊದಲೇ ತಿಳಿಸುವ ಹೊಣೆ ಮನೆಯವರದು.

ಈ ಎಚ್ಚರ ಹಿರಿಯರೊಬ್ಬರಿಗಾಗಿ ಮಾತ್ರವಲ್ಲ. ಮುಪ್ಪಿನದೆಂದು ಕಡೆಗಣಿಸಿದ ಅಜ್ಜಿಯ ಕೆಮ್ಮು ತೊಡೆಯ ಮೇಲಿನ ಮೊಮ್ಮಗುವಿಗೆ ರೋಗವನ್ನು ದಾಟಿಸಬಹುದು. ಎಳೆಯ ಮಕ್ಕಳಲ್ಲಿ ಕ್ಷಯವು ಮಿದುಳಿನ ಪೊರೆಗೆ ಏರುವ ಭಯ ಹೆಚ್ಚು. ಅಜ್ಜಿಯ ರೋಗ ಸಕಾಲದಲ್ಲಿ ತಿಳಿದರೆ ಮಗುವನ್ನು ಪರೀಕ್ಷಿಸಿ, ರೋಗ ತಲೆಯೆತ್ತುವ ಮೊದಲೇ ತಡೆಯುವ ಔಷಧವನ್ನು ಕೊಡಲು ಬರುತ್ತದೆ.