ಜಾನಪದ ದತ್ತಸಂಚಯಕ್ಕೆ ಒಂದೇ ಬಾಗಿಲು: ಕಿರು ಹೊದಿಕೆ ತಂತ್ರಾಂಶದ ಸ್ವರೂಪ ಮತ್ತು ಮಿತಿ

1. ಪೀಠಿಕೆ

ಜಾನಪದ ಸಾಮಗ್ರಿಯ ಸಂಗ್ರಹವು ಟಿಪ್ಪಣಿ ಪುಸ್ತಕದಿಂದ ಧ್ವನಿಸುರುಳಿಗೆ, ಧ್ವನಿಸುರುಳಿಯಿಂದ ಗಣಕದ ಕಡತಕ್ಕೆ ಸಾಗಿಬಂದಿದೆ. ಈ ಮೂರು ಹಂತಗಳಲ್ಲಿಯೂ ವಿದ್ವಾಂಸರ ಗಮನ ಹರಿದಿರುವುದು ಹೆಚ್ಚಾಗಿ ಸಂಗ್ರಹಿಸುವ ವಿಧಾನದ ಕಡೆಗೆ. ಸಂಗ್ರಹವಾದುದನ್ನು ಮರಳಿ ಪಡೆಯುವ ದಾರಿಯನ್ನು ತಂತ್ರಜ್ಞರ ಕೆಲಸವೆಂದು ಬದಿಗಿರಿಸುವುದೇ ವಾಡಿಕೆ. ಆದರೆ ದತ್ತಸಂಚಯದಲ್ಲಿರುವ ಹಾಡೊಂದು ಹುಡುಕಿದಾಗ ಸಿಗದೆ ಹೋದರೆ, ಆ ಪ್ರದೇಶದಲ್ಲಿ ಆ ಹಾಡು ಪ್ರಚಲಿತವಿಲ್ಲವೆಂಬ ತೀರ್ಮಾನಕ್ಕೆ ಅದು ಎಡೆಮಾಡಿಕೊಡುತ್ತದೆ. ಹೀಗೆ ಹುಟ್ಟಿದ ತೀರ್ಮಾನ ಒಂದು ಪ್ರಬಂಧದಿಂದ ಮತ್ತೊಂದಕ್ಕೆ ಹರಿಯುತ್ತದೆ. ಆದುದರಿಂದ ಮರಳಿ ಪಡೆಯುವ ದಾರಿಯೂ ಸಂಶೋಧನಾ ವಿಧಾನದ ಅಂಗವೇ ಆಗಿದೆ.

ಈ ದಾರಿಯನ್ನು ಸರಳಗೊಳಿಸುವ ಒಂದು ಉಪಾಯವನ್ನು ಗಣಕ ಪರಿಭಾಷೆಯಲ್ಲಿ ರ‍್ಯಾಪರ್ ಲೈಬ್ರರಿ ಎನ್ನುತ್ತಾರೆ. ಇಲ್ಲಿ ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ಬೇರೆ ಬೇರೆ ತಂತ್ರಾಂಶಗಳು ಮತ್ತೆ ಮತ್ತೆ ಬಳಸಿಕೊಳ್ಳುವ ಆದೇಶಗಳ ಸಂಚಯ. ಪ್ರಸ್ತುತ ಲೇಖನದಲ್ಲಿ ಇದನ್ನು 'ಹೊದಿಕೆ' ಎಂದು ಕರೆಯಲಾಗಿದೆ. ಅದು ಏನು ಮಾಡಬೇಕು, ಏನನ್ನು ಮಾಡಬಾರದು ಎಂಬುದನ್ನು ಜಾನಪದ ಆಕರಗಳ ದೃಷ್ಟಿಯಿಂದ ಪರಿಶೀಲಿಸುವುದು ಇಲ್ಲಿನ ಉದ್ದೇಶ.

2. ಕೋಷ್ಟಕ ಮತ್ತು ಪ್ರಶ್ನೆ

ಇಂದು ಬಳಕೆಯಲ್ಲಿರುವ ಬಹುತೇಕ ದತ್ತಸಂಚಯಗಳ ತಾತ್ತ್ವಿಕ ತಳಹದಿಯನ್ನು ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಸಂಬಂಧಾತ್ಮಕ ಮಾದರಿಯಲ್ಲಿ ಕಾಣಬಹುದು. ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟು, ಕೋಷ್ಟಕಗಳ ನಡುವಣ ಸಂಬಂಧವನ್ನು ಗುರುತುಸಂಖ್ಯೆಗಳ ಮೂಲಕ ಸೂಚಿಸುವುದು ಇದರ ಕ್ರಮ. ಈ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯನ್ನು ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಮಂಡಿಸಿದರು. ಅದೇ ಮುಂದೆ ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾಯಿತು.

ಜಾನಪದ ಸಂಗ್ರಹವೊಂದರಲ್ಲಿ ವಕ್ತೃಗಳಿಗೆ ಒಂದು, ಪಾಠಗಳಿಗೆ ಒಂದು, ಸ್ಥಳಗಳಿಗೆ ಒಂದು ಕೋಷ್ಟಕವಿದೆ ಎಂದಿಟ್ಟುಕೊಳ್ಳೋಣ. ಕಂಸಾಳೆಯವರು ಹಾಡಿದ ಮಲೆಯ ಮಾದೇಶ್ವರ ಕಾವ್ಯದ ಪಾಠಗಳು ಯಾವ ಯಾವ ಊರುಗಳಲ್ಲಿ ದೊರೆತಿವೆ ಎಂಬ ಪ್ರಶ್ನೆಗೆ ಈ ಮೂರನ್ನೂ ಜೋಡಿಸಿ ಉತ್ತರ ಪಡೆಯಬಹುದು. ಪ್ರಶ್ನೆ ಒಂದೇ ವಾಕ್ಯದ್ದು. ಆದರೆ ಅದನ್ನು ಗಣಕಕ್ಕೆ ತಲುಪಿಸಲು ಸಂಪರ್ಕವನ್ನು ತೆರೆಯಬೇಕು, ಪ್ರಶ್ನೆಯನ್ನು ಸಿದ್ಧಗೊಳಿಸಬೇಕು, ಉತ್ತರದ ಸಾಲುಗಳನ್ನು ಒಂದೊಂದಾಗಿ ತೆಗೆದುಕೊಳ್ಳಬೇಕು, ದೋಷ ಕಂಡರೆ ನಿಭಾಯಿಸಬೇಕು, ಕೊನೆಗೆ ಸಂಪರ್ಕವನ್ನು ಮುಚ್ಚಬೇಕು. ಹತ್ತು ಕಡೆ ಪ್ರಶ್ನೆ ಕೇಳಿದರೆ ಈ ಐದೂ ಕ್ರಿಯೆಗಳನ್ನು ಹತ್ತು ಕಡೆ ಬರೆಯಬೇಕಾಗುತ್ತದೆ. ಬರೆಯುವ ಶ್ರಮಕ್ಕಿಂತ ಮುಖ್ಯವಾದುದು, ಹತ್ತರಲ್ಲಿ ಒಂದೆಡೆ ಒಂದು ಕ್ರಿಯೆ ಮರೆತುಹೋಗುವ ಸಾಧ್ಯತೆ.

3. ಹೊದಿಕೆಯ ಕಾರ್ಯ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಧಾನ್ಯವನ್ನು ಕಾಪಿಡುತ್ತಿದ್ದ ನೆಲದಡಿಯ ಹಗೇವಿಗೆ ಒಂದೇ ಬಾಯಿ. ಅದನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯುವುದು ಕಟ್ಟಳೆ. ಬಾಯಿ ಒಂದೇ ಆದುದರಿಂದ ಕಟ್ಟಳೆಯನ್ನು ಪಾಲಿಸುವುದೂ ಸುಲಭವಾಗಿತ್ತು. ಹೊದಿಕೆಯ ತತ್ತ್ವವೂ ಇದೇ. ದತ್ತಸಂಚಯದೊಡನೆ ನಡೆಯುವ ಎಲ್ಲ ವ್ಯವಹಾರವೂ ಒಂದೇ ಬಾಗಿಲಿನಿಂದ ನಡೆಯಬೇಕು. ಪಾಲಿಸಬೇಕಾದ ಎಚ್ಚರಗಳೆಲ್ಲ ಆ ಬಾಗಿಲಲ್ಲಿಯೇ ಇರಬೇಕು.

ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ತಂತ್ರಾಂಶವನ್ನು ಇಲ್ಲಿ ಉದಾಹರಿಸಬಹುದು. ರಿಚರ್ಡ್ ಹಿಪ್ ಅವರು 2000ದಲ್ಲಿ ಬಿಡುಗಡೆ ಮಾಡಿದ ಇದು ಇಡೀ ಸಂಚಯವನ್ನು ಒಂದೇ ಕಡತದಲ್ಲಿ ಇಡುತ್ತದೆ. ಇದರ ಮೇಲೆ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶ ಸಂರಕ್ಷಣೆಗೆ ಶಿಫಾರಸು ಮಾಡಿರುವ ಸ್ವರೂಪಗಳಲ್ಲಿ ಇದೂ ಒಂದು. ಪೈಥಾನ್ ಭಾಷೆಯಲ್ಲಿ ಇದನ್ನು ಬಳಸುವ ಸೌಲಭ್ಯ 2006ರಿಂದಲೇ ಅಂತರ್ಗತವಾಗಿದೆ. ಇವೆರಡನ್ನು ಬಳಸಿ ನೂರು ಸಾಲುಗಳ ಆಸುಪಾಸಿನಲ್ಲಿ ಹೊದಿಕೆಯೊಂದನ್ನು ರಚಿಸಬಹುದು. ತೆರೆ, ಕೇಳು, ಸೇರಿಸು, ಮುಚ್ಚು ಎಂಬ ನಾಲ್ಕು ಆದೇಶಗಳು ಸಾಕು. ಪೈಥಾನ್‌ನ ಮೂರನೆಯ ಆವೃತ್ತಿಯಲ್ಲಿ ಆದೇಶಗಳಿಗೆ ಈ ಕನ್ನಡ ಹೆಸರುಗಳನ್ನೇ ಇಡಲು ಅವಕಾಶವಿದೆ.

ಈ ಬಾಗಿಲಲ್ಲಿ ಇರಬೇಕಾದ ಎಚ್ಚರಗಳು ಮುಖ್ಯವಾಗಿ ಮೂರು.

ಮೊದಲನೆಯದು, ಪ್ರಶ್ನೆಯನ್ನೂ ಮೌಲ್ಯವನ್ನೂ ಬೇರೆಯಾಗಿರಿಸುವುದು. ಬಳಕೆದಾರರು ಟೈಪು ಮಾಡಿದ ಪದವನ್ನು ಪ್ರಶ್ನೆಯ ವಾಕ್ಯದೊಳಗೆ ನೇರವಾಗಿ ಸೇರಿಸಿದರೆ, ಉದ್ಧರಣ ಚಿಹ್ನೆಯಿರುವ ಒಂದು ಗಾದೆಯೂ ವಾಕ್ಯವನ್ನು ಮುರಿಯಬಲ್ಲದು. ದುರುದ್ದೇಶವಿದ್ದವರು ಇದೇ ದಾರಿಯಿಂದ ಸಂಚಯವನ್ನು ಅಳಿಸಲೂಬಹುದು. ಈ ಅಪಾಯ 1998ರಿಂದಲೇ ಬಹಿರಂಗವಾಗಿ ಚರ್ಚೆಯಾಗಿದೆ. ವಾಕ್ಯದಲ್ಲಿ ಖಾಲಿ ಜಾಗವನ್ನು ಬಿಟ್ಟು ಮೌಲ್ಯವನ್ನು ಪ್ರತ್ಯೇಕವಾಗಿ ಒಪ್ಪಿಸುವುದು ಇದಕ್ಕೆ ಪರಿಹಾರ. ಹೊದಿಕೆಯ 'ಕೇಳು' ಆದೇಶವು ಮೌಲ್ಯಗಳಿಗೆ ಬೇರೆಯೇ ಸ್ಥಾನ ಕಲ್ಪಿಸಿದರೆ ಸರಿಯಾದ ರೀತಿಯೇ ಸುಲಭದ ರೀತಿಯೂ ಆಗುತ್ತದೆ.

ಎರಡನೆಯದು, ಸಂಬಂಧಗಳ ಪಾಲನೆ. ಪಾಠವೊಂದಕ್ಕೆ ವಕ್ತೃ ಇರಲೇಬೇಕೆಂಬ ನಿಯಮವನ್ನು ಕೋಷ್ಟಕದಲ್ಲಿ ಬರೆದಿದ್ದರೂ, ಎಸ್‌ಕ್ಯೂಲೈಟ್ ಸಾಮಾನ್ಯವಾಗಿ ಅದನ್ನು ತಾನಾಗಿಯೇ ಜಾರಿಗೊಳಿಸುವುದಿಲ್ಲ. ಪ್ರತಿಯೊಂದು ಸಂಪರ್ಕದಲ್ಲಿಯೂ ಆ ಪಾಲನೆಯನ್ನು ಪ್ರತ್ಯೇಕವಾಗಿ ಚಾಲನೆಗೊಳಿಸಬೇಕು. ಒಂದೆಡೆ ಮರೆತರೂ ಸಂಚಯದಲ್ಲಿಲ್ಲದ ವಕ್ತೃವಿನ ಗುರುತುಸಂಖ್ಯೆಯನ್ನು ಹೊತ್ತ ಪಾಠ ಒಳಸೇರಬಲ್ಲದು. ಹಾಡಿದವರ ಹೆಸರು ಉಳಿಯುವುದು ಜಾನಪದ ಅಧ್ಯಯನದ ನೈತಿಕ ಹೊಣೆ. ಈ ಚಾಲನೆಯನ್ನು 'ತೆರೆ' ಆದೇಶದೊಳಗೆ ಒಮ್ಮೆ ಬರೆದಿಟ್ಟರೆ ಅದು ಎಲ್ಲ ಕಡೆಯೂ ಅನ್ವಯವಾಗುತ್ತದೆ.

ಮೂರನೆಯದು, ಅಖಂಡತೆ. ವಕ್ತೃವಿನ ವಿವರ, ಪಾಠ, ಸ್ಥಳ ಈ ಮೂರನ್ನೂ ಸೇರಿಸುವಾಗ ನಡುವೆ ವಿದ್ಯುತ್ ಕಡಿತವಾದರೆ ಅರ್ಧ ದಾಖಲೆ ಉಳಿಯಬಾರದು. ಎಲ್ಲವೂ ಸೇರಬೇಕು, ಇಲ್ಲವೇ ಯಾವುದೂ ಸೇರಬಾರದು. 'ಸೇರಿಸು' ಆದೇಶವು ಈ ಮೂರು ಕ್ರಿಯೆಗಳನ್ನು ಒಂದೇ ವ್ಯವಹಾರವಾಗಿ ಕಟ್ಟಿಕೊಡಬೇಕು.

4. ಒಂದು ಐತಿಹಾಸಿಕ ನಿದರ್ಶನ

ಒಂದೇ ಬಾಗಿಲಿನ ಮಹತ್ತ್ವವನ್ನು ಪಿಎಚ್‌ಪಿ ಭಾಷೆಯ ಇತಿಹಾಸ ಸ್ಪಷ್ಟಪಡಿಸುತ್ತದೆ. ಜಾಲತಾಣಗಳ ಸೂಚಿಗಳನ್ನು ಸಿದ್ಧಪಡಿಸಲು 2000ದ ದಶಕದಲ್ಲಿ ಈ ಭಾಷೆ ಮತ್ತು ಮೈಎಸ್‌ಕ್ಯೂಎಲ್ ದತ್ತಸಂಚಯದ ಜೋಡಿ ವ್ಯಾಪಕವಾಗಿ ಬಳಕೆಯಲ್ಲಿತ್ತು. ಇವೆರಡರ ನಡುವೆ ಸಂಪರ್ಕ ಕಲ್ಪಿಸುವ ಹಳೆಯ ಆದೇಶಗಳನ್ನು ತಯಾರಕರು 2013ರಲ್ಲಿ ಬಳಕೆಗೆ ಯೋಗ್ಯವಲ್ಲವೆಂದು ಸಾರಿ, 2015ರ ಡಿಸೆಂಬರಿನಲ್ಲಿ ಬಂದ ಏಳನೆಯ ಆವೃತ್ತಿಯಿಂದ ಪೂರ್ತಿಯಾಗಿ ತೆಗೆದುಹಾಕಿದರು. ಪಿಡಿಒ ಎಂಬ ಪರ್ಯಾಯ ಸೌಲಭ್ಯ 2005ರಿಂದಲೇ ಲಭ್ಯವಿತ್ತು. ಆದರೂ ಹಳೆಯ ಆದೇಶಗಳನ್ನು ಪುಟಪುಟದಲ್ಲಿಯೂ ಚೆಲ್ಲಿದ್ದ ಸೂಚಿಗಳನ್ನು ಹೊಸ ಆವೃತ್ತಿಗೆ ತರಬೇಕಾದರೆ ಪ್ರತಿಯೊಂದು ಪುಟವನ್ನೂ ತಿದ್ದುವುದು ಅನಿವಾರ್ಯವಾಯಿತು. ಸಂಪರ್ಕದ ಕೆಲಸವನ್ನು ಒಂದು ಹೊದಿಕೆಯೊಳಗೆ ಇರಿಸಿದ್ದವರಿಗೆ ತಿದ್ದಬೇಕಾದುದು ಬಹುಮಟ್ಟಿಗೆ ಆ ಒಂದು ಕಡತವನ್ನು ಮಾತ್ರ. ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ದತ್ತಾಂಶಕ್ಕೆ ಯಾವ ಹಾನಿಯೂ ಆಗಿರಲಿಲ್ಲ. ಮುಚ್ಚಿದ್ದು ದಾರಿ ಮಾತ್ರ. ಓದುಗರಿಗಾದರೋ ಎರಡೂ ಒಂದೇ.

5. ಕನ್ನಡ ಲಿಪಿಯ ವಿಶಿಷ್ಟ ಪ್ರಶ್ನೆ

ಇಂಗ್ಲಿಷಿನ ಅನುಭವದಿಂದ ರಚಿತವಾದ ಹೊದಿಕೆಗಳು ಸಾಮಾನ್ಯವಾಗಿ ಗಮನಿಸದ ಒಂದು ಸಮಸ್ಯೆ ಕನ್ನಡಕ್ಕಿದೆ. ಯೂನಿಕೋಡ್ ಸಂಕೇತದಲ್ಲಿ 'ಕೊ' ಎಂಬ ಅಕ್ಷರದ ಒತ್ವವನ್ನು ಒಂದೇ ಚಿಹ್ನೆಯಾಗಿ ದಾಖಲಿಸಬಹುದು; ಎತ್ವ ಮತ್ತು ಊತ್ವಗಳೆಂಬ ಎರಡು ಚಿಹ್ನೆಗಳ ಜೋಡಣೆಯಾಗಿಯೂ ದಾಖಲಿಸಬಹುದು. ಹಾಗೆಯೇ 'ಕೀ', 'ಕೇ', 'ಕೋ'ಗಳ ದೀರ್ಘವೂ 'ಕೈ' ಎಂಬುದರ ಐತ್ವವೂ ಎರಡು ಬಗೆಯಲ್ಲಿ ಸಂಗ್ರಹವಾಗಬಲ್ಲವು. ಪರದೆಯ ಮೇಲೆ ಎರಡೂ ಒಂದೇ. ಗಣಕದ ಹೋಲಿಕೆಯಲ್ಲಿ ಬೇರೆ ಬೇರೆ. ಹಳೆಯ ಅಕ್ಷರವಿನ್ಯಾಸಗಳಲ್ಲಿದ್ದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಇಂಥ ಮಿಶ್ರಣ ಉಂಟಾಗಬಹುದು. ಆಗ 'ಕೋಲಾಟ' ಎಂದು ಹುಡುಕಿದರೆ ಕೋಲಾಟದ ಪದಗಳಲ್ಲಿ ಒಂದು ಪಾಲು ಮಾತ್ರ ದೊರೆಯುತ್ತದೆ. ದೊರೆಯದ ಪಾಲಿನ ಸುಳಿವೂ ಹತ್ತುವುದಿಲ್ಲ.

ಇದಕ್ಕೆ ಯೂನಿಕೋಡ್ ವ್ಯವಸ್ಥೆಯೇ ಏಕರೂಪೀಕರಣದ ನಿಯಮಗಳನ್ನು ನೀಡಿದೆ. ಪೈಥಾನಿನಲ್ಲಿ ಒಂದೇ ಆದೇಶದಿಂದ ಅದನ್ನು ಸಾಧಿಸಬಹುದು. ಪಠ್ಯ ಒಳಬರುವಾಗಲೂ ಹುಡುಕುವ ಪದ ಬಂದಾಗಲೂ ಒಂದೇ ರೂಪಕ್ಕೆ ತರುವುದಕ್ಕೆ ಹೊದಿಕೆಗಿಂತ ಉಚಿತವಾದ ಸ್ಥಳವಿಲ್ಲ. 'ಸೂರ್ಯ' ಮತ್ತು 'ಸೂರ‍್ಯ' ಎಂಬ ಬರಹಗಳ ನಡುವಣ ಅಂತರಕ್ಕೆ ಕಾರಣವಾದ ಅಗೋಚರ ಜೋಡಕ ಚಿಹ್ನೆಯನ್ನು ಈ ನಿಯಮಗಳು ತೆಗೆಯುವುದಿಲ್ಲ. ಅದಕ್ಕಾಗಿ ಹುಡುಕಾಟಕ್ಕೆಂದೇ ಬೇರೊಂದು ಅಂಕಣವನ್ನಿಟ್ಟು, ಅಲ್ಲಿ ಮಾತ್ರ ಆ ಚಿಹ್ನೆಯನ್ನು ಕೈಬಿಡಬೇಕು. ಮೂಲ ಪಾಠ ಹಾಗೆಯೇ ಉಳಿಯಬೇಕು.

6. ಮಿತಿಗಳು

ಹೊದಿಕೆಗೆ ಒಪ್ಪಿಸಬಾರದ ಕೆಲಸಗಳೂ ಇವೆ. ಗಾಯಕರು 'ಹಾಡು' ಎಂಬುದನ್ನು 'ಆಡು' ಎಂದು ಉಚ್ಚರಿಸಿದ್ದರೆ ಅದು ದೋಷವಲ್ಲ, ಆಕರ. ಅದನ್ನು ಶಿಷ್ಟರೂಪಕ್ಕೆ ತರುವ ಆದೇಶವನ್ನು ಹೊದಿಕೆಯೊಳಗೆ ಅಡಗಿಸಿದರೆ ಉಪಭಾಷೆಯ ಸಾಕ್ಷ್ಯ ಯಾರ ಗಮನಕ್ಕೂ ಬಾರದೆ ಅಳಿಯುತ್ತದೆ. ಸ್ಥಳನಾಮಗಳ ವಿಷಯವೂ ಹೀಗೆಯೇ. ಚಾಮರಾಜನಗರ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟುದು 1997ರಲ್ಲಿ. ಅದಕ್ಕೆ ಮುಂಚಿನ ಸಂಗ್ರಹಗಳಲ್ಲಿ ಅಲ್ಲಿನ ಊರುಗಳು ಮೈಸೂರು ಜಿಲ್ಲೆಯ ಹೆಸರಿನಲ್ಲಿಯೇ ಇರುತ್ತವೆ. ಇದನ್ನು ಮೌನವಾಗಿ ಬದಲಿಸದೆ, ಹಳೆಯ ಮತ್ತು ಹೊಸ ಜಿಲ್ಲೆಗಳ ಸಂಬಂಧವನ್ನು ಪ್ರತ್ಯೇಕ ಕೋಷ್ಟಕದಲ್ಲಿ ಕಾಲಸಹಿತವಾಗಿ ದಾಖಲಿಸುವುದು ಯುಕ್ತ.

ಗಾತ್ರವೂ ವಿಚಾರಾರ್ಹ. ಎಸ್‌ಕ್ಯೂಎಲ್ ಭಾಷೆಯನ್ನೇ ಮರೆಮಾಚುವ ದೊಡ್ಡ ಹೊದಿಕೆಗಳು ಲಭ್ಯವಿವೆ. ಅವುಗಳಿಂದ ಅನುಕೂಲವಿದೆಯಾದರೂ ಯಾವ ಪ್ರಶ್ನೆಗೆ ಯಾವ ಉತ್ತರ ಬಂದಿತೆಂಬುದನ್ನು ಪರಿಶೀಲಿಸುವುದು ಕಷ್ಟವಾಗುತ್ತದೆ. ಸಂಶೋಧನೆಯಲ್ಲಿ ಪ್ರಶ್ನೆಯ ವಾಕ್ಯವೂ ಅಡಿಟಿಪ್ಪಣಿಯಷ್ಟೇ ಮುಖ್ಯವಾದ ಸಾಕ್ಷ್ಯ. ಆದುದರಿಂದ ಪ್ರಶ್ನೆಯನ್ನು ಇದ್ದಂತೆಯೇ ಕಾಣಗೊಡುವ, ಒಂದು ದಿನದಲ್ಲಿ ಓದಿ ಅರ್ಥಮಾಡಿಕೊಳ್ಳಬಹುದಾದ ಕಿರು ಹೊದಿಕೆಯೇ ನಮ್ಮ ಸಂಸ್ಥೆಗಳಿಗೆ ಹೊಂದುತ್ತದೆ. ಅದನ್ನು ಬರೆದವರು ವರ್ಗವಾಗಿ ಹೋದ ಮೇಲೂ ಮತ್ತೊಬ್ಬರು ಮುಂದುವರಿಸುವಂತಿರಬೇಕು.

7. ಸಮಾರೋಪ

ಈ ಚರ್ಚೆಯಿಂದ ಒಂದು ವಿವೇಕವನ್ನು ರೂಪಿಸಿಕೊಳ್ಳಬಹುದು. ಯಂತ್ರವು ಮಾತ್ರ ಭಿನ್ನವೆಂದು ಕಾಣುವುದನ್ನು ಹೊದಿಕೆ ಒಂದಾಗಿಸಬೇಕು. ಹಾಡುಗಾರರು ಭಿನ್ನವಾಗಿಸಿದ್ದನ್ನು ಅದು ಮುಟ್ಟಬಾರದು. ಮೊದಲನೆಯದು ತಂತ್ರದ ವಿಷಯ, ಎರಡನೆಯದು ಪಾಠಶುದ್ಧಿಯ ವಿಷಯ. ಇವೆರಡರ ಗಡಿಯನ್ನು ಗುರುತಿಸುವ ಹೊಣೆಯನ್ನು ತಂತ್ರಜ್ಞರೊಬ್ಬರಿಗೇ ಬಿಡಲಾಗದು. ಸಂಗ್ರಹಾಲಯಗಳು ಮತ್ತು ಗ್ರಂಥಾಲಯಗಳು ದತ್ತಸಂಚಯವನ್ನು ಸಿದ್ಧಪಡಿಸಿಕೊಳ್ಳುವಾಗ ಅದರ ಹೊದಿಕೆಯ ಆದೇಶಗಳನ್ನೂ ಅವುಗಳ ವಿವರಣೆಯನ್ನೂ ಕೇಳಿ ಪಡೆದು, ಮೂಲ ಆಕರಗಳ ಜೊತೆಯಲ್ಲಿಯೇ ಕಾಪಾಡುವುದು ಅಗತ್ಯ.