ಕಾಗದದ ಮೇಲಿನ ಮಾತು: ಸಾಲಪತ್ರಗಳನ್ನು ಅರಿಯೋಣ

ಕಾಫಿ ಕೊಯ್ಲು ಮುಗಿದು ಫಸಲಿನ ಹಣ ಕೈಸೇರುವ ದಿನಗಳಲ್ಲಿ ಬಣಕಲ್ ಸುತ್ತಲಿನ ತೋಟದ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಈ ಹಣವನ್ನು ಎಲ್ಲಿ ಇಡುವುದು? ವರ್ಷಕ್ಕೊಮ್ಮೆ ಬರುವ ಹಣವಿದು. ಆಳುಗಳ ಕೂಲಿ, ಗೊಬ್ಬರ, ಮಕ್ಕಳ ಶುಲ್ಕ ಎಲ್ಲವೂ ಇದರಿಂದಲೇ ನಡೆಯಬೇಕು. ಮಿಕ್ಕದ್ದನ್ನು ಬಡ್ಡಿಗೆ ತೊಡಗಿಸುವಾಗಲೇ ನಾವು ಎಡವುವುದುಂಟು.

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಒಂದು ಹಳೆಯ ಪ್ರಾಮಿಸರಿ ನೋಟು ಇದೆ. ನಮ್ಮ ತಂದೆಯವರು ಪರಿಚಿತರೊಬ್ಬರಿಗೆ ಕೊಟ್ಟ ಸಾಲಕ್ಕೆ ಬರೆಸಿಕೊಂಡದ್ದು. ರೆವಿನ್ಯೂ ಸ್ಟ್ಯಾಂಪು, ಅದರ ಮೇಲೆ ರುಜು, ಎಲ್ಲವೂ ಸರಿಯಾಗಿಯೇ ಇವೆ. ಆದರೆ ಮುಖ ನೋಡಿ ಕೇಳಲು ಸಂಕೋಚಪಟ್ಟು ತಂದೆಯವರು ವರ್ಷಗಳನ್ನು ಕಳೆದರು. ಅಕ್ಕನ ಮದುವೆಗೆ ಹಣ ಬೇಕಾಗಿ ವಕೀಲರ ಬಳಿಗೆ ಹೋದಾಗ, ಅವಧಿ ಮೀರಿದೆಯೆಂಬ ಉತ್ತರ ದೊರೆಯಿತು. ಮದುವೆಯನ್ನು ಸಾಲ ಮಾಡಿ ನಡೆಸಬೇಕಾಯಿತು.

ಇಂತಿಷ್ಟು ಹಣವನ್ನು ಇಂಥವರಿಗೆ ಯಾವ ಷರತ್ತೂ ಇಲ್ಲದೆ ಕೊಡುವೆನೆಂದು ಬರೆದು ರುಜು ಮಾಡಿದ ಪತ್ರವೇ ಪ್ರಾಮಿಸರಿ ನೋಟು ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಹೇಳುತ್ತದೆ. ಕೇಳಿದಾಗ ಕೊಡಬೇಕಾದ ನೋಟಾದರೆ, 1963ರ ಕಾಲಮಿತಿ ಕಾಯಿದೆಯಂತೆ ಬರೆದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಸಾಲಗಾರನು ಸಾಲವನ್ನು ಒಪ್ಪಿ ಬರೆದು ರುಜು ಮಾಡಿಕೊಟ್ಟರೆ ಅಂದಿನಿಂದ ಹೊಸ ಅವಧಿ ಆರಂಭವಾಗುತ್ತದೆ. ಈ ಒಂದು ಸಂಗತಿ ತಿಳಿದಿದ್ದರೆ ನಮ್ಮ ಮನೆಯ ಕಥೆ ಬೇರೆಯಾಗುತ್ತಿತ್ತು.

ಸರ್ಕಾರಗಳೂ ಕಂಪನಿಗಳೂ ಸಾರ್ವಜನಿಕರಿಂದ ಸಾಲ ಪಡೆಯುವುದು ಇದೇ ತತ್ತ್ವದ ಮೇಲೆ. ಅಮೆರಿಕದ ಸರ್ಕಾರವು 2ರಿಂದ 10 ವರ್ಷಗಳ ತನ್ನ ಸಾಲಪತ್ರಗಳನ್ನು ಇಂದಿಗೂ ‘ನೋಟು’ ಎಂದೇ ಕರೆಯುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರದ 91, 182 ಮತ್ತು 364 ದಿನಗಳ ಟ್ರೆಷರಿ ಬಿಲ್ಲುಗಳಿವೆ, ದೀರ್ಘಾವಧಿಯ ಬಾಂಡುಗಳಿವೆ, ಕರ್ನಾಟಕ ಸರ್ಕಾರದ ಸಾಲಪತ್ರಗಳೂ ಇವೆ. ಬಿಲ್ಲುಗಳಿಗೆ ಪ್ರತ್ಯೇಕ ಬಡ್ಡಿಯಿಲ್ಲ. ಕಡಿಮೆ ಬೆಲೆಗೆ ಕೊಂಡು ಅವಧಿ ಮುಗಿದಾಗ ಪೂರ್ಣ ಮೊತ್ತ ಪಡೆಯುವುದೇ ಲಾಭ. ಬಾಂಡುಗಳಿಗೆ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಶೇ. 7ರ 1 ಲಕ್ಷ ರೂಪಾಯಿಯ ಬಾಂಡಿಗೆ ಪ್ರತಿ ಸಲ 3,500 ರೂಪಾಯಿ. ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಆರಂಭಿಸಿದ ರೀಟೇಲ್ ಡೈರೆಕ್ಟ್ ಯೋಜನೆಯಲ್ಲಿ 10,000 ರೂಪಾಯಿಯಿಂದಲೇ ಇವನ್ನು ನೇರವಾಗಿ ಕೊಳ್ಳಬಹುದು.

ಕಂಪನಿಗಳ ಸಾಲಪತ್ರವೇ ಡಿಬೆಂಚರು. ಕಂಪನಿ ಮುಳುಗಿದರೆ ಷೇರುದಾರರಿಗಿಂತ ಮೊದಲು ಸಾಲ ಕೊಟ್ಟವರಿಗೆ ಹಕ್ಕುಂಟು. ಆದರೆ ಹಕ್ಕಿದ್ದ ಮಾತ್ರಕ್ಕೆ ಹಣ ಬಂದೀತೆಂದಲ್ಲ. ಅತ್ಯುನ್ನತ ಶ್ರೇಯಾಂಕ ಹೊಂದಿದ್ದ ಐಎಲ್ ಅಂಡ್ ಎಫ್‌ಎಸ್ ಸಮೂಹವು 2018ರಲ್ಲಿ ಸಾಲ ತೀರಿಸಲಾಗದೆ ಕುಸಿದುದನ್ನು ದೇಶವೇ ಕಂಡಿದೆ. ಬ್ಯಾಂಕಿನ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಡಿಬೆಂಚರಿಗೆ ಅಂತಹ ವಿಮೆಯಿಲ್ಲ.

ಇನ್ನೊಂದು ಸಂಗತಿ. ಪೇಟೆಯಲ್ಲಿ ಬಡ್ಡಿದರ ಏರಿದರೆ ಹಳೆಯ ಬಾಂಡಿನ ಬೆಲೆ ಇಳಿಯುತ್ತದೆ. ಅವಧಿ ಮುಗಿಯುವವರೆಗೆ ಇಟ್ಟುಕೊಂಡವರಿಗೆ ಇದರಿಂದ ತೊಂದರೆಯಿಲ್ಲ. ನಡುವೆ ಮಾರಬೇಕಾಗಿ ಬಂದವರಿಗೆ ನಷ್ಟವುಂಟು. ಆದ್ದರಿಂದ ಮುಂದಿನ ಹೂಮಳೆಯ ಹೊತ್ತಿಗೆ ಬೇಕಾಗುವ ಹಣವನ್ನು ಹತ್ತು ವರ್ಷದ ಬಾಂಡಿನಲ್ಲಿ ತೊಡಗಿಸುವುದು ವಿವೇಕವಲ್ಲ.

ಸಾಲ ಪಡೆಯುವವರು ಯಾರು? ಯಾವ ಆದಾಯದಿಂದ ತೀರಿಸುತ್ತಾರೆ? ಭದ್ರತೆ ಏನು? ನಮಗೆ ಹಣ ಬೇಕಾಗುವುದು ಎಂದು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಬಡ್ಡಿಯ ದರವನ್ನು ವಿಚಾರಿಸಬೇಕು. ಹೆಚ್ಚು ಬಡ್ಡಿಯೆಂಬುದು ಬಹುತೇಕ ಹೆಚ್ಚಿನ ಅಪಾಯದ ಬೆಲೆಯೇ ಆಗಿರುತ್ತದೆ. ಮನೆಯ ಯಜಮಾನರು ಈ ಪತ್ರಗಳ ವಿವರವನ್ನು ಗೃಹಿಣಿಯರಿಗೂ ಬೆಳೆದ ಮಕ್ಕಳಿಗೂ ತಿಳಿಸಿ, ಅವಧಿ ಮುಗಿಯುವ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳಿತು.

ತಂದೆಯವರ ಆ ನೋಟನ್ನು ನಾವು ಇಂದಿಗೂ ಹರಿದು ಹಾಕಿಲ್ಲ. ಅದರಿಂದ ಹಣ ಬರಲಾರದು. ಆದರೆ ಪ್ರತಿ ವರ್ಷ ಕಾಫಿಯ ಹಣ ಬಂದಾಗ ಒಮ್ಮೆ ಅದನ್ನು ತೆಗೆದು ನೋಡಿಯೇ ಮುಂದಿನ ವಿಚಾರ ಮಾಡುತ್ತೇವೆ.