ರಕ್ತನಾಳವಿಲ್ಲದ ಕಾರ್ನಿಯಾ ಕಳಿಸುವ ಕರೆ

ಬೇಸಿಗೆ ಕಾಲಿಟ್ಟಿತೆಂದರೆ ಕೆಲವು ಮಕ್ಕಳು ಕಣ್ಣುಜ್ಜುವುದನ್ನು ಬಿಡುವುದೇ ಇಲ್ಲ. ಕೆಂಪಡರಿದ ಕಣ್ಣು, ಎಳೆದರೆ ದಾರದಂತೆ ಬರುವ ಪಿಸುರು, ಬಿಸಿಲಿಗೆ ಮುಖ ಎತ್ತಲಾಗದ ಸಂಕಟ. ವೈದ್ಯರು ಇದನ್ನು ವರ್ನಲ್ ಕೆರಟೊಕಂಜಂಕ್ಟಿವೈಟಿಸ್ ಎನ್ನುತ್ತಾರೆ. ಸೆಖೆಯ ನಾಡುಗಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಇದು ಹೆಚ್ಚು.

ಮಾಮೂಲಿ ಅಲರ್ಜಿಯ ತುರಿಕೆಗೆ ಮಾಸ್ಟ್ ಕೋಶಗಳು ಚೆಲ್ಲುವ ಹಿಸ್ಟಮಿನ್ ಕಾರಣ. ಅದು ದೃಷ್ಟಿ ಕೆಡಿಸುವುದಿಲ್ಲ. ಈ ಕಾಯಿಲೆಯಲ್ಲಿ ಹೆದರಿಕೆ ಇರುವುದು ಕಪ್ಪುಗುಡ್ಡೆಯ ಮುಂದಿರುವ ಕಾರ್ನಿಯಾಕ್ಕೆ. ನಡುವೆ ಅರ್ಧ ಮಿಲಿಮೀಟರಿನಷ್ಟು ದಪ್ಪವಿರುವ ಈ ತಿಳಿಪದರದಲ್ಲಿ ರಕ್ತನಾಳ ಒಂದೂ ಇಲ್ಲ. ಹಾಗಿದ್ದೂ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಇದನ್ನೇ ಹುಡುಕಿಕೊಂಡು ಬರುತ್ತವೆ. ಕರೆದವರಾರು?

ಕಾರ್ನಿಯಾದ ಸ್ವಂತ ಕೋಶಗಳೇ. ಅದರ ಒಡಲಿನ ಫೈಬ್ರೊಬ್ಲಾಸ್ಟ್‌ಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅಲರ್ಜಿಯ ಸಂದೇಶವಾಹಕ ಐಎಲ್-4 ಮತ್ತು ಉರಿಯೂತದ ಟಿಎನ್‌ಎಫ್ ಎರಡನ್ನೂ ಸೇರಿಸಿದರೆ, ಅವು ಇಯೊಟಾಕ್ಸಿನ್ ಎಂಬ ಪ್ರೋಟೀನನ್ನು ಧಾರಾಳವಾಗಿ ಸುರಿಸುತ್ತವೆ. ಒಂದನ್ನೇ ಕೊಟ್ಟರೆ ಅಷ್ಟು ಬಾರದು. ಐಎಲ್-4 ಗ್ರಾಹಕಕ್ಕೆ ಕೂತೊಡನೆ ಒಳಗೆ ಸ್ಟ್ಯಾಟ್-6 ಎಂಬ ಪ್ರೋಟೀನು ಎಚ್ಚೆತ್ತುಕೊಳ್ಳುತ್ತದೆ. ಟಿಎನ್‌ಎಫ್ ಎಬ್ಬಿಸುವುದು ಎನ್‌ಎಫ್-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನನ್ನು. ಎರಡೂ ಇಯೊಟಾಕ್ಸಿನ್ ಜೀನಿನ ಬಳಿ ಸೇರಿದಾಗ ಕರೆ ಜೋರಾಗುತ್ತದೆ. ಇಯೋಸಿನೋಫಿಲ್‌ಗಳು ಆ ವಾಸನೆ ಹಿಡಿದೇ ಬರುವುದು.

ರೋಗಿಯ ಕಣ್ಣೀರಿನಲ್ಲಿ ಐಎಲ್-4 ಇರುತ್ತದಾದರೂ ಮೇಲ್ಪದರದ ಐದಾರು ಸಾಲು ಕೋಶಗಳು ಒತ್ತೊತ್ತಾಗಿ ನಿಂತು ಅದನ್ನು ಒಳಗೆ ಬಿಡುವುದಿಲ್ಲ. ಆ ಬೇಲಿ ಹರಿಯಿತೆಂದರೆ ಕೇಡು. ಸಂದೇಶ ಫೈಬ್ರೊಬ್ಲಾಸ್ಟ್‌ಗಳನ್ನು ಮುಟ್ಟುತ್ತದೆ, ಇಯೋಸಿನೋಫಿಲ್‌ಗಳು ಬರುತ್ತವೆ, ಅವು ಉಗುಳುವ ವಿಷಪ್ರೋಟೀನುಗಳು ಮೇಲ್ಪದರವನ್ನು ಇನ್ನಷ್ಟು ಕೊಲ್ಲುತ್ತವೆ. ಮಗುವಿನ ಕೈಯನ್ನು ಕಣ್ಣಿನಿಂದ ಸರಿಸಿ ತಣ್ಣೀರ ಬಟ್ಟೆ ಇಡುವ ತಾಯಿ ಈ ಬೇಲಿಯನ್ನೇ ಕಾಯುತ್ತಿದ್ದಾಳೆ.

ಔಷಧಿ ಅಂಗಡಿಯಲ್ಲಿ ತಾವೇ ಕೇಳಿ ತಂದ ಸ್ಟೀರಾಯ್ಡ್ ಹನಿ ಎರಡೇ ದಿನದಲ್ಲಿ ಹಾಯೆನಿಸಬಹುದು. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳದು. ದಯವಿಟ್ಟು ವೈದ್ಯರ ಕಣ್ಗಾವಲಿಲ್ಲದೆ ಅದನ್ನು ಹಾಕಬೇಡಿ. ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಹನಿಗಳು ಒತ್ತಡ ಏರಿಸದೆ ಟಿ-ಕೋಶಗಳನ್ನು ತಣಿಸುತ್ತವೆ. ಐಎಲ್-4 ಹೊರಡುವುದು ಮುಖ್ಯವಾಗಿ ಅಲ್ಲಿಂದಲೇ.

ಕಾರ್ನಿಯಾದ ಮೇಲೆ ಗುರಾಣಿಯಾಕಾರದ ಹುಣ್ಣಾಗಿ ಬಿಳಿ ಪರೆ ಕಟ್ಟಿದರೆ ಹನಿಯೊಂದೇ ಸಾಲದು. ಆ ಪರೆಯೊಳಗೆ ಇಯೋಸಿನೋಫಿಲ್‌ಗಳ ವಿಷವೇ ಮಡುಗಟ್ಟಿರುತ್ತದೆ. ಶಸ್ತ್ರವೈದ್ಯರು ಅದನ್ನು ಮೆಲ್ಲಗೆ ಕೆರೆದು ತೆಗೆದ ಮೇಲೆ, ಅಂಚಿನಲ್ಲಿ ಕಾದು ನಿಂತಿದ್ದ ಹೊಸ ಕೋಶಗಳು ಸರಿದು ಬಂದು ಹುಣ್ಣನ್ನು ಮುಚ್ಚತೊಡಗುತ್ತವೆ.